ಸ್ವಸ್ತಿಯಿಂದ ಸುವೊಸ್ದೆಯ್

ಶ್ರವಣಬೆಳಗೊಳದ ಮಗ್ಗುಲಲ್ಲೇ ಇರುವ ನಮ್ಮ ಜಿನನಾಥಪುರವನ್ನು ನೆಲೆಗೊಳಿಸಿದವನು ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಹೆಚ್ಚುಕಡಿಮೆ ಅದೇ ಕಾಲಕ್ಕೆ, ಕಡಲಾಚೆಯ ಕಾಂಬೋಡಿಯಾದಲ್ಲಿ ಎರಡನೇ ಸೂರ್ಯವರ್ಮ ಅಂಕೋರ್ ವಾಟ್ ಕಟ್ಟಿಸುತ್ತಿದ್ದ. ಆ ಗುಡಿ ನೋಡಲು ಹೊರಟವರಿಗಾಗಿ ಅಲ್ಲಿನ ಖ್ಮೇರ್ ಭಾಷೆಯ ನಾಲ್ಕು ಮಾತು.

ನಮ್ಮ ಎಷ್ಟೋ ಶಾಸನಗಳು 'ಸ್ವಸ್ತಿ' ಎಂದು ಶುರುವಾಗುತ್ತವಲ್ಲ, ಖ್ಮೇರರ ನಮಸ್ಕಾರವೂ ಅದೇ: 'ಸುವೊಸ್ದೆಯ್'. ಸಂಸ್ಕೃತದಿಂದ ಹೋದ ಅನೇಕ ಪದಗಳು ಅಲ್ಲಿ ಕೊನೆಯ ಅಕಾರ ಕಳೆದುಕೊಳ್ಳುತ್ತವೆ, ಗಕಾರ ಕಕಾರವಾಗುತ್ತದೆ, ದಕಾರ ತಕಾರವಾಗುತ್ತದೆ. ಗುರು ಅಲ್ಲಿ 'ಕ್ರೂ'. ಕೃತಜ್ಞತೆ ಹೇಳುವ 'ಆಕುನ್' ಎಂಬುದರ ಕೊನೆಯಲ್ಲಿರುವುದು ನಮ್ಮ ಗುಣವೇ. ಕ್ಷಮೆ ಕೇಳಲು 'ಸೋಮ್ ತೋಹ್' ಅನ್ನಿ. ಆ 'ತೋಹ್' ನಮ್ಮ ದೋಷ. ಈ ಸೂತ್ರ ಹಿಡಿದರೆ ಪದಗಳು ತಾವೇ ಗುರುತು ಸಿಗುತ್ತವೆ. ಥಾಯ್ ಭಾಷೆಯಂತೆ ದನಿ ಏರಿಳಿಸುವ ಕಷ್ಟವೂ ಇಲ್ಲ.

ಹೌದು ಅನ್ನಲು ಗಂಡಸರು 'ಬಾತ್', ಹೆಂಗಸರು 'ಚಾ' ಎನ್ನುತ್ತಾರೆ. ಬೆಲೆ ಕೇಳಲು 'ತ್ಲೈ ಪೊನ್ಮಾನ್?' ಎಣಿಕೆ ಮೊಯ್, ಪೀ, ಬೆಯ್, ಬುವೊನ್, ಪ್ರಾಮ್. ಆರಕ್ಕೆ ಹೊಸ ಪದವಿಲ್ಲ, ಐದಕ್ಕೆ ಒಂದು ಸೇರಿಸಿ 'ಪ್ರಾಮ್ ಮೊಯ್'.

ನನಗೆ ತುಂಬ ಹಿಡಿಸಿದ್ದು ಅವರು ಕರೆಯುವ ರೀತಿ. ಗುರುತಿಲ್ಲದವರನ್ನೂ ನೆಂಟರಂತೆಯೇ ಕರೆಯುತ್ತಾರೆ. ಅಣ್ಣನಾಗಲಿ ಅಕ್ಕನಾಗಲಿ, ಹಿರಿಯರು 'ಬಾಂಗ್'. ಸಂತೆಯ ಚಿಕ್ಕಮ್ಮ 'ಮಿಂಗ್', ಅಜ್ಜಿ 'ಯಿಯೇಯ್'. ಎದುರು ಸಿಕ್ಕಾಗ ಕೇಳುವುದೂ ನಮ್ಮ 'ಊಟ ಆಯ್ತಾ' ಎಂಬ ಮಾತೇ: 'ಞಾಮ್ ಬಾಯ್ ಹಾಯ್ ನೌ?' ಬಾಯ್ ಎಂದರೆ ಅನ್ನ. ಇಷ್ಟು ಕೇಳಿದ ಮೇಲೆ ಆ ದೇಶ ಪರದೇಶ ಅನ್ನಿಸುವುದಿಲ್ಲ.

ಬೆಳಗೊಳದ ಸೀಮೆಯ ಜೈನರಿಗೆ, ಸಸ್ಯಾಹಾರಿಗಳಿಗೆಲ್ಲ ಒಂದು ಎಚ್ಚರಿಕೆ. 'ಖ್ಞೊಮ್ ತಾಮ್ ಸಾಚ್', ಅಂದರೆ ನಾನು ಮಾಂಸ ಬಿಟ್ಟವನು, ಎಂದರಷ್ಟೇ ಸಾಲದು. ಮೀನಿನ ರಸವನ್ನು ಅಲ್ಲಿ ನಾವು ಉಪ್ಪು ಹಾಕುವ ಹಾಗೆ ಪಲ್ಯಕ್ಕೂ ಹಾಕುತ್ತಾರೆ. ಆದ್ದರಿಂದ 'ಕೊಮ್ ಡಾಕ್ ತುಕ್ ತ್ರೆಯ್' ಎಂದೂ ಸೇರಿಸಿ. ಮೀನಿನ ರಸ ಹಾಕಬೇಡಿ ಎಂದರ್ಥ. ಉಳಿದದ್ದು ಮರೆತರೂ ಚಿಂತೆಯಿಲ್ಲ. ಈ ಎರಡು ಮಾತನ್ನು ಮಾತ್ರ ಅಲ್ಲಿಯವರ ಕೈಯಲ್ಲಿ ಖ್ಮೇರ್ ಲಿಪಿಯಲ್ಲೇ ಬರೆಸಿ ಜೇಬಿನಲ್ಲಿಟ್ಟುಕೊಳ್ಳಿ, ಅಡುಗೆಯವರಿಗೆ ತೋರಿಸಿ.