ಹಬ್ಬದ ಗಡಿಬಿಡಿಯಲ್ಲಿ ಸಮಾಧಾನ



ಕ್ರಿಸ್ತಜಯಂತಿಗೆ ಇನ್ನು ಕೆಲವೇ ದಿನಗಳು ಉಳಿದಿವೆ. ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ನಮ್ಮ ಕ್ರೈಸ್ತ ಮನೆಗಳಲ್ಲಿ ಯಾರಿಗೂ ಕುಳಿತುಕೊಳ್ಳಲು ಪುರಸತ್ತಿರುವುದಿಲ್ಲ. ಗೋಡೆಗಳಿಗೆ ಸುಣ್ಣವಾಗಬೇಕು, ದರ್ಜಿಯ ಅಂಗಡಿಗೆ ನಾಲ್ಕು ಸಲ ಅಲೆಯಬೇಕು, ಬಾಗಿಲಿಗೆ ನಕ್ಷತ್ರದ ದೀಪವನ್ನು ಕಟ್ಟಬೇಕು, ಗೋದಲಿಗೆ ಹುಲ್ಲು ತಂದುಕೊಡಿರೆಂದು ಮಕ್ಕಳು ಕಾಡುವರು. ಅಡಿಗೆಯ ಮನೆಯ ವಿಚಾರವನ್ನಂತೂ ಹೇಳಬೇಕಾದುದೇ ಇಲ್ಲ. ಮಂಗಳೂರಿನ ಕಡೆಯವರು ಕುಸ್ವಾರ್ ಎಂದು ಕರೆಯುವ ಹಬ್ಬದ ತಿಂಡಿಗಳನ್ನು ತಟ್ಟೆಯಲ್ಲಿಟ್ಟು ನೆರೆಹೊರೆಗೆಲ್ಲ ಕಳುಹಿಸುವುದು ಬಹು ಸೊಗಸಾದ ಪದ್ಧತಿ. ಆದರೆ ಆ ತಟ್ಟೆಯನ್ನು ತುಂಬಿದವರ ಬೆನ್ನುನೋವನ್ನು ವಿಚಾರಿಸಿದವರುಂಟೆ?

ಪೂರ್ವಕಾಲದಲ್ಲಿ ಹಬ್ಬಕ್ಕೆ ಮುಂಚಿನ ಈ ದಿನಗಳು ಸಂಯಮದ ದಿನಗಳಾಗಿದ್ದವು. ಆರನೆಯ ಶತಮಾನದ ಕೊನೆಯ ಭಾಗದಲ್ಲಿ, ಈಗಿನ ಫ್ರಾನ್ಸ್ ದೇಶದ ಮಾಕೋನ್ ಎಂಬ ಊರಿನಲ್ಲಿ ನೆರೆದ ಧರ್ಮಸಭೆಯು, ನವೆಂಬರ್ 11ರ ಸಂತ ಮಾರ್ಟಿನನ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ 3 ದಿನ ಉಪವಾಸವಿರಬೇಕೆಂದು ವಿಧಿಸಿತು. ಗ್ರೀಕ್ ಆರ್ಥೊಡಾಕ್ಸ್ ಸಭೆಯವರಲ್ಲಿ ಇಂದಿಗೂ 40 ದಿನಗಳ ಉಪವಾಸವುಂಟು. ಕಾದಿರುವುದಕ್ಕೆಂದು ಹಿರಿಯರು ಬಿಟ್ಟುಹೋದ ವಾರಗಳನ್ನು ನಾವು ಓಡಾಟಕ್ಕೆ ವಿನಿಯೋಗಿಸಿದ್ದೇವೆ.

ಕೆಲಸವೆಲ್ಲ ಮುಗಿದಮೇಲೆ ಮನಸ್ಸಿಗೆ ಶಾಂತಿ ದೊರೆಯುವುದೆಂದು ನಾವು ಎಣಿಸುತ್ತೇವೆ. ಲೂಕನು ಬರೆದ ಸುವಾರ್ತೆಯಲ್ಲಿ ಹಾಗಿಲ್ಲ. ಔಗುಸ್ತ ಚಕ್ರವರ್ತಿಯ ಖಾನೇಷುಮಾರಿಯ ಆಜ್ಞೆಯಿಂದ ಜನರೆಲ್ಲ ತಮ್ಮ ತಮ್ಮ ಊರುಗಳಿಗೆ ಹೊರಟಿದ್ದ ಸಮಯವದು. ಬೆತ್ಲೆಹೇಮಿನಲ್ಲಿ ತುಂಬು ಗರ್ಭಿಣಿಗೆ ಇಳಿದುಕೊಳ್ಳಲು ಎಡೆ ಸಿಕ್ಕಲಿಲ್ಲ. ಕೂಸನ್ನು ಗೋದಲಿಯಲ್ಲಿ ಮಲಗಿಸಿದರು. ದೇವದೂತರ ವಾರ್ತೆಯಾದರೂ ಯಾರಿಗೆ ಬಂದಿತು? ಬಿಡುವಾಗಿ ಕುಳಿತವರಿಗಲ್ಲ, ರಾತ್ರಿಯೆಲ್ಲ ಎಚ್ಚರವಾಗಿ ಹಿಂಡನ್ನು ಕಾಯುತ್ತಿದ್ದ ಕುರುಬರಿಗೆ. ಅವರು ಹೋಗಿ ಕೂಸನ್ನು ಕಂಡು, ದೇವರನ್ನು ಕೊಂಡಾಡುತ್ತ ಹಿಂದಿರುಗಿದರು. ಮರುದಿನ ಅವರ ಕುರಿಗಳ ಸಂಖ್ಯೆಯೇನೂ ಕಡಿಮೆಯಾಗಿರಲಾರದು.

ಆ ದೂತರ ಗೀತದಲ್ಲಿ, ಸತ್ಯವೇದವೆಂಬ ಕನ್ನಡ ಭಾಷಾಂತರವು ಬಳಸಿರುವ ಮಾತು 'ಸಮಾಧಾನ' ಎಂಬುದು. ಈ ಪದವು ನಮಗೆ ಬಹಳ ಮೆಚ್ಚು. ಶಾಂತಿಯನ್ನು ಒಬ್ಬನೇ ಮೂಲೆಯಲ್ಲಿ ಕುಳಿತು ಅನುಭವಿಸಬಹುದು. ಸಮಾಧಾನವನ್ನು ಹೇಳುವುದಕ್ಕೆ, ಮಾಡುವುದಕ್ಕೆ ಎದುರಿಗೆ ಇನ್ನೊಬ್ಬರಿರಬೇಕು. ಅಳುವ ಮಗುವನ್ನು, ಮುನಿದ ಅಣ್ಣತಮ್ಮಂದಿರನ್ನು ನಾವು ಸಮಾಧಾನಪಡಿಸುತ್ತೇವಷ್ಟೆ. ಕ್ರಿಸ್ತನು ಗುಡ್ಡದ ಮೇಲೆ ಮಾಡಿದ ಉಪದೇಶದಲ್ಲಿಯೂ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಡನೆ ಒಂದಾಗಿ ಬಾ ಎಂಬ ಅಭಿಪ್ರಾಯವಿದೆ. ಹಬ್ಬದ ಗಡಿಬಿಡಿಯಲ್ಲಿ ನಾವು ಕಳೆದುಕೊಳ್ಳುವುದು ವಿಶ್ರಾಂತಿಯನ್ನಷ್ಟೇ ಅಲ್ಲ. ಮನೆಯವರ ಮುಖವನ್ನು ನೋಡಿ ಮಾತನಾಡುವುದನ್ನೂ ಕಳೆದುಕೊಳ್ಳುತ್ತೇವೆ.

ನಾವು ಚಿಕ್ಕವರಾಗಿದ್ದಾಗ ಒಂದು ವರ್ಷ, ಹಬ್ಬದ ಹಿಂದಿನ ರಾತ್ರಿ, ಬಟ್ಟೆಯ ಸಾಲದ ಮಾತೆತ್ತಿ ನಮ್ಮ ತಂದೆಯವರು ತಾಯಿಯವರ ಮೇಲೆ ರೇಗಿದರು. ತಾಯಿಯವರು ಎದುರಾಡಲಿಲ್ಲ. ಕರ್ಜಿಕಾಯಿಯ ಕೆಲಸ ಇನ್ನೂ ಅರ್ಧವಿದೆ, ನೀವೆಲ್ಲ ಆರಾಧನೆಗೆ ಹೋಗಿಬನ್ನಿರೆಂದು ಮಾತ್ರ ಹೇಳಿ ಒಲೆಯ ಮುಂದೆ ಕುಳಿತರು. ಹೊಸ ಬಟ್ಟೆಯನ್ನುಟ್ಟು ನಾವು ಹೊರಟೆವು. ದೇವಾಲಯದ ಗಂಟೆ ಕೇಳಿಸುತ್ತಿತ್ತು. ಅರ್ಧ ದಾರಿಯಲ್ಲಿ ತಂದೆಯವರು ನಿಂತರು. ನಮ್ಮನ್ನು ಅಜ್ಜಿಯವರ ಕೈಗೊಪ್ಪಿಸಿ ಹಿಂದಿರುಗಿ ಹೋದರು. ಆಗ ನಮಗೆ ಬಹಳ ನಾಚಿಕೆಯಾಯಿತು, ಊರಿನವರೆಲ್ಲ ನೋಡುತ್ತಿದ್ದರಲ್ಲ ಎಂದು.

ಆರಾಧನೆ ಮುಗಿಸಿಕೊಂಡು ಬಂದು ನೋಡಿದರೆ, ತಂದೆಯವರು ಕೋಟನ್ನು ಗೂಟಕ್ಕೆ ಸಿಕ್ಕಿಸಿ, ತಾಯಿಯವರ ಪಕ್ಕದಲ್ಲಿ ಕುಳಿತು ಕರ್ಜಿಕಾಯಿಯ ಅಂಚನ್ನು ಮಡಿಸುತ್ತಿದ್ದರು. ಅವರಿಬ್ಬರೂ ಏನು ಮಾತನಾಡಿಕೊಂಡರೋ ನಾವು ಕೇಳಲಿಲ್ಲ. ತಂದೆಯವರು ಮಡಿಸಿದವುಗಳಲ್ಲಿ ಬಹುಪಾಲು ಎಣ್ಣೆಯಲ್ಲಿ ಬಾಯಿಬಿಟ್ಟು ಹೂರಣವನ್ನೆಲ್ಲ ಚೆಲ್ಲಿದ್ದವು. ತಾಯಿಯವರು ಅವುಗಳನ್ನು ಬೇರೆಯಾಗಿ ಒಂದು ಡಬ್ಬಿಯಲ್ಲಿ ತುಂಬಿಟ್ಟರು; ನೆರೆಮನೆಯ ತಟ್ಟೆಗಳಿಗೆ ಅದರಿಂದ ಒಂದನ್ನೂ ಇಡಲಿಲ್ಲ.