ಹಾಲಿನೊಳಗಿನ ಪೊಟ್ಟಣ

ಸುವರ್ಣ ಮಹೋತ್ಸವ ಸಮಿತಿಯವರು ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು. ನಾನು ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ನಿಜ. ಆದರೆ ಹಾನುಬಾಳಿನಲ್ಲಿ ಕಂಪ್ಯೂಟರಿಗಿಂತ ಹಾಲಿನ ವಿಚಾರ ತಿಳಿದವರೇ ಹೆಚ್ಚು. ಅದಕ್ಕೇ ಹಾಲಿನ ಬಗ್ಗೆ, ಅದರಿಂದ ಕ್ಯಾನ್ಸರ್ ಔಷಧಿಗೆ ಆಗಬಹುದಾದ ಉಪಯೋಗದ ಬಗ್ಗೆ ಮಾತಾಡುತ್ತೇನೆ. ನಾನು ಡಾಕ್ಟರಲ್ಲ, ಓದಿ ತಿಳಿದುಕೊಂಡದ್ದನ್ನು ಹೇಳುತ್ತೇನೆ.

ಓದಲು ಕಾರಣ ನಮ್ಮ ಚಿಕ್ಕಮ್ಮ. ಸ್ತನ ಕ್ಯಾನ್ಸರ್ ಆಗಿ ಅವರಿಗೆ ಬೆಂಗಳೂರಿನಲ್ಲಿ ಕೀಮೋ ಕೊಡಿಸಿದೆವು. ಇಲ್ಲಿಂದ 200 ಕಿಲೋಮೀಟರಿಗೂ ಹೆಚ್ಚು ದೂರ. ಡ್ರಿಪ್ ಹಾಕುವುದು ಕೆಲವೇ ಗಂಟೆ. ಹೋಗಿ, ರಕ್ತ ಪರೀಕ್ಷೆ ಮಾಡಿಸಿ, ಅಲ್ಲಿ ಉಳಿದು ವಾಪಸ್ ಬರುವಷ್ಟರಲ್ಲಿ ಮೂರು ದಿನ. ಜೊತೆಗೆ ಹೋದವರ ಕೂಲಿಯೂ ಹೋಯಿತು. ಕಾಫಿ ಕುಯ್ಲಿನ ಸಮಯದಲ್ಲಿ ಒಮ್ಮೆ ಅವರು, "ಇದನ್ನ ಮಾತ್ರೆ ಮಾಡಿ ಕೊಡಕ್ಕಾಗಲ್ವಾ ಮಗ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ.

ಅವರಿಗೆ ಕೊಟ್ಟ ಔಷಧಿಯ ಹೆಸರು ಪ್ಯಾಕ್ಲಿಟಾಕ್ಸೆಲ್. ಅಮೆರಿಕದ ಪಶ್ಚಿಮ ಕರಾವಳಿಯ ಯೂ ಎಂಬ ಮರದ ತೊಗಟೆಯಲ್ಲಿ ಸಿಕ್ಕಿದ ವಸ್ತು. ಮನ್ರೋ ವಾಲ್ ಮತ್ತು ಭಾರತದಲ್ಲಿ ಹುಟ್ಟಿದ ಮನ್‌ಸುಖ್ ವಾನಿ 1971ರಲ್ಲಿ ಅದರ ರಚನೆಯನ್ನು ಪ್ರಕಟಿಸಿದರು. ತೊಂದರೆ ಏನೆಂದರೆ ಅದು ನೀರಿನಲ್ಲಿ ಕರಗುವುದಿಲ್ಲ. ನುಂಗಿದರೆ, ಕರುಳಿನ ಜೀವಕೋಶಗಳು ಅದನ್ನು ಒಳಗೆ ಬಿಟ್ಟುಕೊಳ್ಳದೆ ಹಿಂದಕ್ಕೇ ತಳ್ಳುತ್ತವೆ. ಹಾಗಾಗಿ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕದಲ್ಲಿ ಕರಗಿಸಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವರಿಗೆ ಆ ದ್ರಾವಕವೇ ಒಗ್ಗದೆ ಅಲರ್ಜಿ ಆಗುತ್ತದೆ. ಅದನ್ನು ತಡೆಯಲು ಮೊದಲೇ ಬೇರೆ ಇಂಜೆಕ್ಷನ್ ಕೊಡುವುದು. ರಕ್ತದ ಆಲ್ಬುಮಿನ್ ಎಂಬ ಪ್ರೋಟೀನಿನಲ್ಲಿ ಇದೇ ಔಷಧಿಯನ್ನು ಸುತ್ತಿ ಕೊಡುವ ವಿಧಾನಕ್ಕೆ 2005ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ದ್ರಾವಕದ ಕಾಟ ತಪ್ಪಿತು, ಡ್ರಿಪ್ ತಪ್ಪಲಿಲ್ಲ.

ಇನ್ನು ಹಾಲು. ಹಸುವಿನ ಕೆಚ್ಚಲಿನ ಜೀವಕೋಶಗಳು ಹಾಲಿನೊಳಕ್ಕೆ ಸಣ್ಣ ಸಣ್ಣ ಪೊಟ್ಟಣಗಳನ್ನೂ ಬಿಡುತ್ತವೆ. ಇವಕ್ಕೆ ಎಕ್ಸೋಸೋಮ್ ಎಂದು ಹೆಸರು. ಅಗಲ ಸುಮಾರು 30ರಿಂದ 150 ನ್ಯಾನೊಮೀಟರ್. ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್ ಎಂದರೆ ಲೆಕ್ಕ ಹಾಕಿಕೊಳ್ಳಿ. ಹೊರಗೆ ಜಿಡ್ಡಿನ ಎರಡು ಪದರ, ಆದ್ದರಿಂದ ನೀರಿಗೆ ಒಗ್ಗದ ಔಷಧಿಗೆ ಅಲ್ಲಿ ಜಾಗ ಸಿಗುತ್ತದೆ. ಹೊಟ್ಟೆಯ ಹುಳಿಯಲ್ಲೂ ಸುಲಭಕ್ಕೆ ಒಡೆಯುವುದಿಲ್ಲ.

ಇದನ್ನು ಹಿಡಿದು ಕೆಲಸ ಮಾಡಿದವರಲ್ಲಿ ಮುಖ್ಯರು ಅಮೆರಿಕದ ಲೂಯಿವಿಲ್ ವಿಶ್ವವಿದ್ಯಾಲಯದ ರಮೇಶ್ ಗುಪ್ತ, ರಾಧಾ ಮುನಗಾಲ, ಫರ್ರುಖ್ ಅಕೀಲ್ ಮತ್ತು ಸಂಗಡಿಗರು. ಮಜ್ಜಿಗೆ ಕಡೆದ ಹಾಗೆ ಹಾಲನ್ನು ತಿರುಗಿಸುತ್ತಾರೆ, ಆದರೆ ಭೂಮಿಯ ಸೆಳೆತದ ಒಂದು ಲಕ್ಷ ಪಟ್ಟಿಗೂ ಹೆಚ್ಚಿನ ಬಲದಲ್ಲಿ. ಕೆನೆ, ಕೇಸಿನ್ ಎಲ್ಲ ಬೇರೆಯಾದ ಮೇಲೆ ಕೊನೆಗೆ ಈ ಪೊಟ್ಟಣಗಳು ತಳಕ್ಕೆ ಕೂರುತ್ತವೆ. ಅವಕ್ಕೆ ಔಷಧಿ ತುಂಬುತ್ತಾರೆ. 2016ರ ಅವರ ಪ್ರಬಂಧದಲ್ಲಿ ನಮ್ಮ ಅಶ್ವಗಂಧದ ಒಂದು ಅಂಶವನ್ನೂ ತುಂಬಿ ನೋಡಿದ್ದಾರೆ. 2017ರಲ್ಲಿ ಪ್ಯಾಕ್ಲಿಟಾಕ್ಸೆಲ್ ತುಂಬಿ, ಮನುಷ್ಯರ ಶ್ವಾಸಕೋಶದ ಗೆಡ್ಡೆ ಬೆಳೆಸಿದ ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟರು. ಗೆಡ್ಡೆಯ ಬೆಳವಣಿಗೆ ತಗ್ಗಿತು. ರಕ್ತನಾಳಕ್ಕೆ ಕೊಟ್ಟಾಗಿನಷ್ಟು ದುಷ್ಪರಿಣಾಮವೂ ಕಾಣಲಿಲ್ಲ.

ಇಲಿಗಳಿಗೆ ಎಂದೆ, ಗಮನಿಸಿ. ಇದು ಇನ್ನೂ ಆಸ್ಪತ್ರೆಯ ಔಷಧಿಯಾಗಿಲ್ಲ. ಒಂದು ಹಸುವಿನ ಹಾಲಿನಂತೆ ಇನ್ನೊಂದರದು ಇರುವುದಿಲ್ಲ. ಡೇರಿಯಲ್ಲಿ ಫ್ಯಾಟ್ ನೋಡಿಸುವ ನಿಮಗೆ ಅದನ್ನು ಹೇಳಬೇಕಾಗಿಲ್ಲ. ಔಷಧಿಗಾದರೋ ಪ್ರತಿ ಪೊಟ್ಟಣವೂ ಒಂದೇ ಅಳತೆಯಲ್ಲಿ, ಶುದ್ಧವಾಗಿ, ಕೋಟಿಗಟ್ಟಲೆ ಬೇಕು.

ಇದನ್ನೆಲ್ಲ ಇಲ್ಲಿ ಹೇಳುವ ಕಾರಣ ಬೇರೆ ಇದೆ. "ಹಸಿ ಹಾಲು ಕುಡಿದರೆ ಕ್ಯಾನ್ಸರ್ ವಾಸಿ" ಎಂಬ ವಾಟ್ಸಾಪ್ ಸಂದೇಶ ನಮ್ಮ ಮನೆಗೂ ಬಂತು. ಚಿಕ್ಕಮ್ಮ ಮೂರನೇ ಕೀಮೋ ಬಿಡುವ ಮಾತಾಡಿದ್ದರು. ಹಾಲು ಕುಡಿದರೆ ಆ ಪೊಟ್ಟಣದಲ್ಲಿ ಔಷಧಿ ಎಲ್ಲಿಂದ ಬರಬೇಕು? ಖಾಲಿ ಚೀಲ ಮನೆಗೆ ಬಂದರೆ ಅಕ್ಕಿ ಬಂದಂತಾಯಿತೇ? ಅದೂ ಅಲ್ಲದೆ ಕೀಮೋ ಆಗುವಾಗ ಬಿಳಿ ರಕ್ತಕಣಗಳು ಕಡಿಮೆಯಾಗಿರುತ್ತವೆ. ಆಗ ಹಸಿ ಹಾಲಿನ ಬ್ರುಸೆಲ್ಲಾ, ಕ್ಷಯದಂಥ ರೋಗಾಣು ಹೊಕ್ಕರೆ ಜೀವಕ್ಕೇ ಅಪಾಯ. ಹಾಲನ್ನು ಕಾಯಿಸಿಯೇ ಕೊಡಿ. ಮೈಯಲ್ಲಿ ಗಂಟು ಕಂಡರೆ ನಾಚಿಕೊಂಡು ಕೂರದೆ ತೋರಿಸಿ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಿಂದ ಇದೇ ಕೆಲಸ ಮಾಡುತ್ತಿದೆ.

ಚಿಕ್ಕಮ್ಮ ಆ ಮೂರನೆಯದಕ್ಕೂ ಹೋದರು, ಆಮೇಲಿನವಕ್ಕೂ ಹೋದರು. ಈಗ ಅಲ್ಲಿ, ಎಡಗಡೆ ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಊಟದ ಹೊತ್ತಿಗೆ ಯಾರಿಗಾದರೂ ಕೇಳುವುದಿದ್ದರೆ ನನಗಿಂತ ಅವರನ್ನೇ ಕೇಳಿ, ಚೆನ್ನಾಗಿ ಹೇಳುತ್ತಾರೆ.