ತೋಳದ ಹೊಟ್ಟೆಯೊಳಗಿನ ಕಥೆ



ಮಕ್ಕಳ ಕಥೆಗಳನ್ನು ಕೆಡಿಸುತ್ತಿದ್ದಾರೆ ಎಂಬ ದೂರು ಆಧುನಿಕ ಲೇಖಕರ ಮೇಲೆ ಪದೇಪದೇ ಕೇಳಿಬರುತ್ತದೆ. ಸಿಂಡ್ರೆಲಾ, ಸ್ನೋವೈಟ್, ಕೆಂಪು ಟೋಪಿಯ ಹುಡುಗಿ ಮುಂತಾದ ಯುರೋಪಿನ ಕಥೆಗಳನ್ನು ಮತ್ತೆ ಬರೆಯುವಾಗ ಕೊಲೆ, ಅತ್ಯಾಚಾರ, ನರಮಾಂಸಭಕ್ಷಣೆ ಎಲ್ಲವನ್ನೂ ತರುತ್ತಾರೆ ನಿಜ. ಅಡಗೂಲಜ್ಜಿ ಕಥೆಯಲ್ಲಿ ಇವೆಲ್ಲ ಏಕೆ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು: ಅಜ್ಜಿ ಹೇಳಿದ್ದನ್ನು ನಾವು ಪೂರ್ತಿ ಕೇಳಿಸಿಕೊಂಡಿಲ್ಲ.

ಕೆಂಪು ಟೋಪಿಯ ಹುಡುಗಿಯನ್ನೇ ತೆಗೆದುಕೊಳ್ಳಿ. 19ನೇ ಶತಮಾನದ ಕೊನೆಯ ಭಾಗದಲ್ಲಿ ಫ್ರಾನ್ಸಿನ ಹಳ್ಳಿಯವರ ಬಾಯಿಂದ ಬರೆದುಕೊಂಡ ಒಂದು ಪಾಠವಿದೆ. ಅದರಲ್ಲಿ ತೋಳ ಅಜ್ಜಿಯನ್ನು ಕೊಂದು, ಮಾಂಸವನ್ನು ಕಪಾಟಿನಲ್ಲಿಟ್ಟು, ರಕ್ತವನ್ನು ಸೀಸೆಗೆ ತುಂಬಿಸುತ್ತದೆ. ಮೊಮ್ಮಗಳು ತಿಳಿಯದೆ ಅದನ್ನೇ ಉಂಡು ಕುಡಿಯುತ್ತಾಳೆ. ಒಂದೊಂದೇ ಬಟ್ಟೆ ಕಳಚಿ ಬೆಂಕಿಗೆ ಹಾಕಿ ತೋಳದ ಪಕ್ಕ ಮಲಗುತ್ತಾಳೆ. ಅಪಾಯ ಅರಿವಾದೊಡನೆ, ಬಹಿರ್ದೆಸೆಗೆ ಹೋಗಲೇಬೇಕೆಂದು ಹಟ ಹಿಡಿಯುತ್ತಾಳೆ. ತೋಳ ಅವಳ ಕಾಲಿಗೆ ದಾರ ಕಟ್ಟಿ ಹೊರಗೆ ಬಿಡುತ್ತದೆ. ಹುಡುಗಿ ಆ ದಾರವನ್ನು ಅಂಗಳದ ಮರಕ್ಕೆ ಕಟ್ಟಿ ಮನೆಗೆ ಓಡಿಬಿಡುತ್ತಾಳೆ! ಅವಳನ್ನು ಉಳಿಸಲು ಬೇರೆ ಯಾರೂ ಬರಬೇಕಾಗಿಲ್ಲ.

1697ರಲ್ಲಿ ಷಾರ್ಲ್ ಪೆರೋ ಈ ಕಥೆಯನ್ನು ಫ್ರಾನ್ಸಿನ ಮೇಲುವರ್ಗದ ಓದುಗರಿಗಾಗಿ ಬರೆದ. ಮಾಂಸದೂಟ ಹೋಯಿತು, ದಾರವೂ ಹೋಯಿತು. ತೋಳ ಹುಡುಗಿಯನ್ನು ತಿಂದಲ್ಲಿಗೆ ಕಥೆ ಮುಗಿಯಿತು. ಚೆಲುವೆಯರು ಅಪರಿಚಿತರ ಮಾತು ಕೇಳಬಾರದೆಂಬ ಪದ್ಯವೊಂದು ಅಂಟಿಕೊಂಡಿತು. ಅಂದರೆ ತಪ್ಪೆಲ್ಲ ತಿನ್ನಿಸಿಕೊಂಡವಳದು! ಗ್ರಿಮ್ ಸೋದರರು 1812ರಲ್ಲಿ ಬೇಟೆಗಾರನೊಬ್ಬನನ್ನು ಕರೆಸಿ, ತೋಳದ ಹೊಟ್ಟೆ ಕತ್ತರಿಸಿ ಹುಡುಗಿಯನ್ನು ಹೊರತೆಗೆಸಿದರು. ಹೊರಬಂದವಳು ಇನ್ನು ದಾರಿ ತಪ್ಪುವುದಿಲ್ಲವೆಂದು ತೀರ್ಮಾನಿಸಿದಳು.

ಗ್ರಿಮ್ ಸೋದರರು ತಮ್ಮ ಸಂಕಲನವನ್ನು 1857ರವರೆಗೆ ತಿದ್ದುತ್ತಲೇ ಇದ್ದರು. ಆದರೆ ಅವರು ಅಳಿಸಿದ್ದು ರಕ್ತವನ್ನಲ್ಲ. ಸಿಂಡ್ರೆಲಾಳ ಮಲಸೋದರಿಯರ ಕಣ್ಣನ್ನು ಪಾರಿವಾಳಗಳು ಕುಕ್ಕುವ ಶಿಕ್ಷೆ ಮೊದಲ ಆವೃತ್ತಿಯಲ್ಲಿರಲಿಲ್ಲ; ಆಮೇಲೆ ಸೇರಿತು. ಅಳಿಸಿದ್ದು ಬೇರೆ. ಗೋಪುರದಲ್ಲಿ ಬಂದಿಯಾದ ರಪುಂಜೆಲ್ ತನ್ನ ಬಟ್ಟೆ ಬಿಗಿಯಾಗುತ್ತಿದೆ ಎಂದು ಮುಗ್ಧವಾಗಿ ಹೇಳಿ ಬಸಿರು ಬಯಲಾಗುವ ಮಾತು ಮಾಯವಾಯಿತು. ಸ್ನೋವೈಟಳನ್ನು ಕೊಲ್ಲಹೊರಟ ಹೆತ್ತ ತಾಯಿ 1819ರಲ್ಲಿ ಮಲತಾಯಿಯಾದಳು. ಹಾನ್ಸೆಲ್, ಗ್ರೆಟೆಲ್ ಮಕ್ಕಳನ್ನು ಬರಗಾಲದಲ್ಲಿ ಕಾಡಿಗೆ ಬಿಡಿಸಿದ ತಾಯಿಯೂ ಮುಂದೆ ಮಲತಾಯಿಯೇ ಆದಳು. ಹಿಂಸೆ ಇರಬಹುದು, ಆದರೆ ಮನೆಯೊಳಗಿನ ಸತ್ಯ ಇರಬಾರದು ಎಂಬಂತಿದೆ ಇದು. (ಪಾಪ, ಮಲತಾಯಂದಿರು!)

ಇಂಗ್ಲಿಷ್ ಲೇಖಕಿ ಆಂಜೆಲಾ ಕಾರ್ಟರ್ ಮುಖ್ಯಳಾಗುವುದು ಇಲ್ಲಿಯೇ. ಪೆರೋನ ಕಥೆಗಳನ್ನು ಅನುವಾದಿಸಿದ ಅವಳು 1979ರಲ್ಲಿ 'ದಿ ಬ್ಲಡಿ ಚೇಂಬರ್' ಎಂಬ ಸಂಕಲನ ತಂದಳು. ಅದರಲ್ಲಿ ತೋಳ ನಿನ್ನನ್ನು ತಿನ್ನುತ್ತೇನೆ ಎಂದಾಗ ಹುಡುಗಿ ನಗುತ್ತಾಳೆ, ಅವನ ಅಂಗಿಯನ್ನೇ ಬೆಂಕಿಗೆ ಎಸೆಯುತ್ತಾಳೆ. ಮಂಚದಡಿ ಅಜ್ಜಿಯ ಎಲುಬುಗಳು ಕಟಕಟಿಸುತ್ತಿರುವಾಗಲೇ ಆ ತೋಳದ ತೆಕ್ಕೆಯಲ್ಲಿ ನಿದ್ದೆ ಹೋಗುತ್ತಾಳೆ. ಓದುಗ ಬೆಚ್ಚಿಬೀಳುವುದು ಎಲುಬಿಗಲ್ಲ, ಆ ನಗುವಿಗೆ. ಇದನ್ನು ಗಮನಿಸದೆ ಎಲುಬನ್ನಷ್ಟೇ ಅನುಕರಿಸಿದ ಪುಸ್ತಕಗಳೂ ಸಿನಿಮಾಗಳೂ ಆಮೇಲೆ ಬೇಕಾದಷ್ಟು ಬಂದಿವೆ. ಅಂಥವನ್ನು ನೋಡಿ ಹೇಸುವವರ ಜೊತೆ ನನಗೇನೂ ಜಗಳವಿಲ್ಲ.

ಸಂಕಲನದ ಮೊದಲ ಕಥೆ, ಹೆಂಡಿರನ್ನು ಕೊಂದು ಕೋಣೆಯಲ್ಲಿ ಕೂಡಿಡುವ ನೀಲಿಗಡ್ಡದವನ ಕಥೆಯ ಹೊಸ ರೂಪ. ಪೆರೋನಲ್ಲಿ ಕೊನೆಯ ಹೆಂಡತಿಯನ್ನು ಉಳಿಸುವವರು ಅವಳ ಅಣ್ಣತಮ್ಮಂದಿರು. ಕಾರ್ಟರಳ ಕಥೆಯಲ್ಲಿ ಗಂಡ ಕತ್ತಿ ಎತ್ತಿ ನಿಂತಾಗ, ತೀರಿಹೋದ ಗಂಡನ ಪಿಸ್ತೂಲು ಹಿಡಿದು ಕುದುರೆಯೇರಿ ಧಾವಿಸುವವಳು ಹುಡುಗಿಯ ತಾಯಿ. ಹರೆಯದಲ್ಲಿ ಹನೋಯ್ ಬಳಿಯ ಬೆಟ್ಟಗಳಲ್ಲಿ ನರಭಕ್ಷಕ ಹುಲಿಯನ್ನು ಹೊಡೆದವಳು ಅವಳು. ಅಳಿಯನಿಗೂ ಒಂದೇ ಗುಂಡು ಸಾಕಾಯಿತು.